ಮಾತೆ ವೆರೋನಿಕಾ: ದೂರದಿಂದ ಶಾಲೆ ಕಟ್ಟಿದವರು

ಮಂಗಳೂರಿನ ಸೈಂಟ್ ಆನ್ಸ್ ಶಾಲೆಯಲ್ಲಿ ಓದಿದ ಅಕ್ಕತಂಗಿಯರು ನಮ್ಮ ವಾಚಕರಲ್ಲಿ ಹಲವರಿಗಿರಬಹುದು. ಆ ಶಾಲೆಯನ್ನು ನಡೆಸುವ ಅಪೊಸ್ತಲಿಕ್ ಕಾರ್ಮೆಲ್ ಸಂಘದ ಸ್ಥಾಪಕಿ ಮಾತೆ ವೆರೋನಿಕಾರನ್ನು ನಾವಿಲ್ಲಿ ಸ್ಮರಿಸುತ್ತೇವೆ.

1823ರಲ್ಲಿ ಕಾನ್‌ಸ್ಟಾಂಟಿನೋಪಲಿನಲ್ಲಿ ಆಂಗ್ಲಿಕನ್ ಪಾದ್ರಿಯೊಬ್ಬರ ಮಗಳಾಗಿ ಜನಿಸಿದ ಅವರ ಪೂರ್ವನಾಮ ಸೋಫಿ ಲೀವ್ಸ್. 1850ರಲ್ಲಿ ಕಥೋಲಿಕ ಮತವನ್ನು ಅಂಗೀಕರಿಸಿ, ಬಳಿಕ ಸನ್ಯಾಸಿನಿಯಾಗಿ, 1862ರಲ್ಲಿ ಕಲ್ಲಿಕೋಟೆಗೆ ಬಂದು ಶಾಲೆ ನಡೆಸಿದರು. ಕರಾವಳಿಯ ಹೆಣ್ಣುಮಕ್ಕಳಿಗೆ ತಕ್ಕ ಶಿಕ್ಷಕಿಯರಿಲ್ಲದ ಕೊರತೆಯನ್ನರಿತ ಕಾರ್ಮೆಲೈಟ್ ಪಾದ್ರಿ ಮರಿ ಎಫ್ರೆಮರು ಬೋಧಕ ಸನ್ಯಾಸಿನಿಯರ ಸಂಘವೊಂದನ್ನು ಕಟ್ಟುವ ಭಾರವನ್ನು ಅವರಿಗೆ ವಹಿಸಿದರು. 1868ರಲ್ಲಿ ಫ್ರಾನ್ಸಿನ ಬಾಯೋನಿನಲ್ಲಿ ಸಂಘವು ಹುಟ್ಟಿತು. 1870ರ ನವೆಂಬರ್ 19ರಂದು ಮೂವರು ಸೋದರಿಯರು ಮಂಗಳೂರಿಗೆ ಬಂದು ಮುಟ್ಟಿದರು, ಶಾಲೆ ಆರಂಭವಾಯಿತು.

ಆದರೆ 1873ರಲ್ಲಿ ಬಾಯೋನಿನ ಮಠ ಮುಚ್ಚಿತು. ಮಂಗಳೂರಿನ ಬಿಷಪರಾಗಿದ್ದ ಎಫ್ರೆಮರೂ ಅದೇ ವರ್ಷ ತೀರಿಕೊಂಡರು. ಮಾತೆ ಫ್ರಾನ್ಸಿನ ಪೋ ಪಟ್ಟಣದ ಕಾರ್ಮೆಲ್ ಮಠದ ಏಕಾಂತಕ್ಕೆ ಮರಳಿದರು. ಮಂಗಳೂರಿನ ತಮ್ಮ ಶಾಲೆಯಲ್ಲಿ ಪಾಠ ಹೇಳುವ ಭಾಗ್ಯ ಅವರಿಗೊದಗಲಿಲ್ಲ. ಊರಿನಲ್ಲಿ ಮನೆ ಕಟ್ಟಿಸಿ ಪರಸ್ಥಳದಲ್ಲಿ ದುಡಿಯುವ ನಮ್ಮವರಿಗೆ ಈ ನೋವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಶಾಲೆಯೇನೋ ಬೆಳೆಯಿತು, ಹೈಸ್ಕೂಲಾಯಿತು, ಶಿಕ್ಷಕಿಯರ ತರಬೇತಿಯೂ ಅಲ್ಲಿ ಸೇರಿಕೊಂಡಿತು. 1906ರ ನವೆಂಬರ್ 16ರಂದು ಮಾತೆ ಪೋನಲ್ಲಿಯೇ ಕಾಲವಾದರು. 1921ರಲ್ಲಿ ಅವರ ಸಂಘದವರು ಬೆಂದೂರಿನಲ್ಲಿ ಸೈಂಟ್ ಆಗ್ನೆಸ್ ಮಹಿಳಾ ಕಾಲೇಜನ್ನು ತೆರೆದರು.