ರೆಕ್ಕೆಯ ಮರ್ಮ ಬಲ್ಲ ಗುರು: ಡಾ. ವಿ. ಎಂ. ಘಾಟಗೆ



ನಮ್ಮ ರಾಯಲ್ಪಾಡು, ಶ್ರೀನಿವಾಸಪುರದ ಕಡೆಯಿಂದ ಹೊರಟು ಹೊಸಕೋಟೆ ದಾಟಿ ಹಳೇ ಮದರಾಸು ರಸ್ತೆಯಲ್ಲಿ ಬೆಂಗಳೂರು ಸೇರುವಾಗ, ಎಡಗಡೆಗೆ ಹೆಚ್.ಎ.ಎಲ್. ವಿಮಾನ ಕಾರ್ಖಾನೆಯ ದಾರಿ ಸಿಗುತ್ತದೆ. 1940ರಲ್ಲಿ ಉದ್ಯಮಿ ವಾಲಚಂದ್ ಹಿರಾಚಂದ್ ಇದನ್ನು ಆರಂಭಿಸಿದಾಗ ಜಾಗ ಕೊಟ್ಟು ನೆರವಾದದ್ದು ಮೈಸೂರು ಸಂಸ್ಥಾನ. ಆಗ ದಿವಾನರಾಗಿದ್ದವರು ಸರ್ ಮಿರ್ಜಾ ಇಸ್ಮಾಯಿಲ್. ಈ ಕಾರ್ಖಾನೆಯ ಮೊದಲ ದಿನಗಳಿಂದಲೇ ದುಡಿದು, ಎಷ್ಟೋ ತರುಣ ಪೈಲಟ್‌ಗಳಿಗೆ ಹಾರಲು ಕಲಿಸಿದ ವಿಮಾನಗಳನ್ನು ರೂಪಿಸಿದವರು ಡಾ. ವಿಷ್ಣು ಮಾಧವ ಘಾಟಗೆ.

ಘಾಟಗೆಯವರು 1908ರಲ್ಲಿ ಕೊಲ್ಲಾಪುರ ಸೀಮೆಯಲ್ಲಿ ಜನಿಸಿದರು. ಮುಂಬಯಿಯಲ್ಲಿ ವಿಜ್ಞಾನ ಓದಿ, ಜರ್ಮನಿಯ ಗಟ್ಟಿಂಗನ್ ವಿಶ್ವವಿದ್ಯಾಲಯಕ್ಕೆ ತೆರಳಿ, ಲುಡ್ವಿಗ್ ಪ್ರಾಂಟಲ್ ಅವರ ಶಿಷ್ಯರಾಗಿ ಡಾಕ್ಟರೇಟ್ ಪಡೆದರು. ರೆಕ್ಕೆಯ ಮೈಗೆ ಅಂಟಿಕೊಂಡು ಹರಿಯುವ ಗಾಳಿಯ ತೆಳು ಪದರದ ಗುಟ್ಟನ್ನು 1904ರಲ್ಲಿ ಲೋಕಕ್ಕೆ ತಿಳಿಸಿದವರೇ ಈ ಪ್ರಾಂಟಲ್.

ಆ ಗುಟ್ಟೇನು? ಓಡುವ ಬಸ್ಸಿನ ಕಿಟಕಿಯಲ್ಲಿ ಬೀಸುವ ಗಾಳಿಗೆ ಅಂಗೈಯನ್ನು ತುಸು ಓರೆ ಮಾಡಿ ಹಿಡಿದಂತೆ ಕಲ್ಪಿಸಿಕೊಳ್ಳಿ. ಕೈ ಮೇಲಕ್ಕೇಳುತ್ತದೆ. ವಿಮಾನವನ್ನು ಎತ್ತಿ ಹಿಡಿಯುವುದೂ ಇಂಥದೇ ಬಲ. ಇದಕ್ಕೆ ಲಿಫ್ಟ್ ಎನ್ನುತ್ತಾರೆ. ಓರೆ ಹೆಚ್ಚಿದಂತೆ ಲಿಫ್ಟ್ ಹೆಚ್ಚುತ್ತದೆ; ಆದರೆ ಅದಕ್ಕೂ ಒಂದು ಮಿತಿಯುಂಟು. ಸಾಮಾನ್ಯ ರೆಕ್ಕೆಯಲ್ಲಿ ಓರೆ ಸುಮಾರು 15 ಡಿಗ್ರಿ ದಾಟಿದರೆ ಗಾಳಿಯ ಪದರ ರೆಕ್ಕೆಯ ಮೇಲ್ಮೈಯಿಂದ ಬಿಟ್ಟುಹೋಗಿ ಸುಳಿಯಾಗುತ್ತದೆ, ಲಿಫ್ಟ್ ಕುಸಿಯುತ್ತದೆ. ಇದೇ ಸ್ಟಾಲ್. ಗಮನಿಸಿ, ಸ್ಟಾಲ್ ಎಂದರೆ ಎಂಜಿನ್ ನಿಂತುಹೋಗುವುದಲ್ಲ. ಎಂಜಿನ್ ಚೆನ್ನಾಗಿ ಓಡುತ್ತಿದ್ದರೂ ರೆಕ್ಕೆ ಕೈಕೊಡಬಹುದು.

ವಿಮಾನದ ಮೂತಿ ಕೆಳಗಿಳಿದಾಗ ಹೊಸಬನ ಕೈ ಭಯದಿಂದ ಅದನ್ನು ಮೇಲಕ್ಕೆಳೆಯಲು ಹೋಗುತ್ತದೆ. ಓರೆ ಇನ್ನೂ ಹೆಚ್ಚಿ ಸ್ಟಾಲ್ ಬಿಗಿಯಾಗುತ್ತದೆ. ಒಂದು ರೆಕ್ಕೆ ಮೊದಲು ಕುಸಿದರೆ ವಿಮಾನ ಗಿರಕಿ ಹೊಡೆಯತೊಡಗುತ್ತದೆ. ಸ್ಟಾಲ್ ಆದಾಗ ಮಾಡಬೇಕಾದದ್ದು ತದ್ವಿರುದ್ಧ: ಮೂತಿಯನ್ನು ಇಳಿಬಿಟ್ಟು ರೆಕ್ಕೆಗೆ ಗಾಳಿ ಹಿಡಿಯಗೊಟ್ಟು, ಎಂಜಿನ್ನಿನ ಶಕ್ತಿ ಹೆಚ್ಚಿಸಿ, ರೆಕ್ಕೆಗಳನ್ನು ಸಮ ಮಾಡಿ, ಆಮೇಲೆ ಮೆಲ್ಲಗೆ ಮೇಲೇಳಬೇಕು. ಅದಕ್ಕೆ ಕೆಳಗೆ ಎತ್ತರ ಉಳಿದಿರಬೇಕು. ಆದ್ದರಿಂದಲೇ ಸ್ಟಾಲ್ ಅಭ್ಯಾಸವನ್ನು ನೆಲದಿಂದ ಸಾಕಷ್ಟು ಮೇಲೆ ಮಾಡಿಸುತ್ತಾರೆ. ಇಳಿಯುವ ಮುನ್ನ ಕೆಳಮಟ್ಟದಲ್ಲಿ ಕಡಿದಾಗಿ ತಿರುಗುವುದು ಬಲು ಅಪಾಯ. ಎತ್ತರ ಕಾಯ್ದುಕೊಂಡು 60 ಡಿಗ್ರಿ ವಾಲಿ ತಿರುಗುವ ವಿಮಾನ, ನೇರ ಹಾರಾಟಕ್ಕಿಂತ ಶೇಕಡಾ 40ರಷ್ಟು ಹೆಚ್ಚಿನ ವೇಗದಲ್ಲೇ ಸ್ಟಾಲ್ ಆಗುತ್ತದೆ.

ನಮ್ಮ ಪ್ರಸ್ಥಭೂಮಿಯಲ್ಲಿ ಇನ್ನೊಂದು ಎಚ್ಚರ ಬೇಕು. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 3,000 ಅಡಿ ಮೇಲಿದೆ. ಸಮುದ್ರಮಟ್ಟಕ್ಕೆ ಹೊಂದಿಸಿದ ಆಲ್ಟಿಮೀಟರ್ 4,000 ಅಡಿ ತೋರಿಸಿದರೆ, ಪೈಲಟ್‌ನ ಕೆಳಗಿರುವುದು 1,000 ಅಡಿ ಮಾತ್ರ! ಗಾಳಿಯೂ ಇಲ್ಲಿ ತೆಳು. ಅದೇ ಲಿಫ್ಟ್ ಪಡೆಯಲು ವಿಮಾನ ಹೆಚ್ಚು ವೇಗವಾಗಿ ಓಡಬೇಕು, ಸಾಮಾನ್ಯ ಪಿಸ್ಟನ್ ಎಂಜಿನ್ನಿನ ಶಕ್ತಿಯೂ ತಗ್ಗುತ್ತದೆ. ಬೇಸಿಗೆಯ ಮಧ್ಯಾಹ್ನ ರನ್‌ವೇ ಇನ್ನೂ ಉದ್ದ ಬೇಕಾಗುತ್ತದೆ.

ಈ ವಿದ್ಯೆಯನ್ನು ಘಾಟಗೆಯವರು ತಮ್ಮಲ್ಲೇ ಇಟ್ಟುಕೊಳ್ಳಲಿಲ್ಲ. 1942ರ ಡಿಸೆಂಬರ್‌ನಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ವೈಮಾನಿಕ ಎಂಜಿನಿಯರಿಂಗ್ ವಿಭಾಗ ಆರಂಭವಾದಾಗ ಅದನ್ನು ಕಟ್ಟಿ ಬೆಳೆಸುವ ಹೊಣೆ ಹೊತ್ತರು. ಸ್ವಾತಂತ್ರ್ಯಾನಂತರ ಅವರ ತಂಡ ಹೆಚ್.ಟಿ.-2 ಎಂಬ ಎರಡು ಆಸನಗಳ ತರಬೇತಿ ವಿಮಾನವನ್ನು ರೂಪಿಸಿತು. ಅದು 1951ರ ಆಗಸ್ಟ್‌ನಲ್ಲಿ ಮೊದಲ ಬಾರಿ ಹಾರಿತು. ವಾಯುಪಡೆಯ ಹಲವು ತಲೆಮಾರಿನ ಪೈಲಟ್‌ಗಳು ಅದರಲ್ಲೇ ಹಾರಾಟ ಕಲಿತರು; ಘಾನಾ ದೇಶದ ವಾಯುಪಡೆಯೂ ಅದನ್ನು ಕೊಂಡಿತು. 1958ರಲ್ಲಿ ಹಾರಿದ ಪುಷ್ಪಕ್ ದೇಶದ ಫ್ಲೈಯಿಂಗ್ ಕ್ಲಬ್‌ಗಳಿಗೆ ಒದಗಿತು. 1964ರಲ್ಲಿ ಕಿರಣ್ ಜೆಟ್ ತರಬೇತಿ ವಿಮಾನ ಬಂದಿತು.

ಯುದ್ಧವಿಮಾನಕ್ಕೆ ಸಿಗುವ ಕೀರ್ತಿ ತರಬೇತಿ ವಿಮಾನಕ್ಕೆ ಸಿಗುವುದಿಲ್ಲ. ಆದರೆ ಅದರ ಹೊಣೆ ದೊಡ್ಡದು. ತಪ್ಪು ಮಾಡುವ ಮುನ್ನ ಅದು ಅದುರಿ, ನಡುಗಿ ಎಚ್ಚರಿಸಬೇಕು. ತಪ್ಪಿದ ಮೇಲೂ ತಿದ್ದಿಕೊಳ್ಳಲು ಅವಕಾಶ ಕೊಡಬೇಕು. ಒಳ್ಳೆಯ ಗುರುವಿನ ಗುಣವೂ ಇದೇ ಅಲ್ಲವೇ?

1965ರಲ್ಲಿ ಪದ್ಮಶ್ರೀ ಗೌರವಕ್ಕೆ ಪಾತ್ರರಾದ ಘಾಟಗೆಯವರು 1991ರಲ್ಲಿ ನಿಧನರಾದರು. ಪೈಲಟ್ ಆಗುವ ಕನಸು ಕಾಣುವ ಮಕ್ಕಳೇ, ಭೌತಶಾಸ್ತ್ರ, ಗಣಿತಗಳನ್ನು ಅಂಕಗಳಿಗಾಗಿ ಮಾತ್ರ ಓದಬೇಡಿ. ಇಂದು ತರಗತಿಯಲ್ಲಿ ಅರ್ಥಮಾಡಿಕೊಂಡ ಒಂದು ಕೋನ, ನಾಳೆ ಆಕಾಶದಲ್ಲಿ ನಿಮ್ಮ ಮತ್ತು ನಿಮ್ಮನ್ನು ನಂಬಿ ಕುಳಿತವರ ಪ್ರಾಣ ಕಾಯಬಹುದು.