ಚಾವುಂಡರಾಯ: ಕಥೆ ಎಷ್ಟು, ಇತಿಹಾಸ ಎಷ್ಟು?

ಚಿಕ್ಕಬಳ್ಳಾಪುರದ ನಂದಿಬೆಟ್ಟದ ಹಳೆಯ ಹೆಸರು ನಂದಗಿರಿ. ರಾಜಧಾನಿ ತಲಕಾಡಿಗೆ ಹೋದ ಮೇಲೂ ಗಂಗ ಅರಸರು ತಮ್ಮನ್ನು ಕೋಲಾರದ ಒಡೆಯರು, ನಂದಗಿರಿಯ ನಾಥರು ಎಂದೇ ಹೇಳಿಕೊಂಡರು. ಆ ಮನೆತನದ ಕೊನೆಗಾಲದಲ್ಲಿ ರಾಜ್ಯದ ಭಾರ ಹೊತ್ತವನು ಚಾವುಂಡರಾಯ. ಶ್ರವಣಬೆಳಗೊಳದ ಶ್ರೀ ಬಾಹುಬಲಿ ಸ್ವಾಮಿಯ ಮೂರ್ತಿಯನ್ನು ಮಾಡಿಸಿದ ಈತನ ಕಥೆ ಜೈನ ಮನೆಗಳಲ್ಲಿ ಮಕ್ಕಳಿಗೂ ಗೊತ್ತು. ಆದರೆ ಆ ಕಥೆಯಲ್ಲಿ ಅವನ ಕಾಲದ್ದು ಕಡಿಮೆ, ಆಮೇಲೆ ಸೇರಿದ್ದು ಹೆಚ್ಚು.

ಹೆಸರಿನಲ್ಲಿ 'ರಾಯ' ಇದ್ದರೂ ಈತ ಅರಸನಲ್ಲ. ಬ್ರಹ್ಮಕ್ಷತ್ರ ಕುಲದವನು, ಎರಡನೆಯ ಮಾರಸಿಂಹನಿಗೂ ಅವನ ನಂತರ ನಾಲ್ಕನೆಯ ರಾಚಮಲ್ಲನಿಗೂ ಮಂತ್ರಿ ಮತ್ತು ದಂಡನಾಯಕ. ಕಾಲವೂ ಕೆಟ್ಟದಾಗಿತ್ತು. 973ರಲ್ಲಿ ರಾಷ್ಟ್ರಕೂಟರ ರಾಜ್ಯ ಕುಸಿಯಿತು. ಸ್ವಲ್ಪದರಲ್ಲೇ ಮಾರಸಿಂಹ ಬಂಕಾಪುರದಲ್ಲಿ ಅಜಿತಸೇನ ಆಚಾರ್ಯರ ಸನ್ನಿಧಿಯಲ್ಲಿ ಸಲ್ಲೇಖನದಿಂದ ದೇಹ ಬಿಟ್ಟ. ಹೊರಗೆ ನೊಳಂಬರು, ಒಳಗೆ ಗಂಗ ಸಿಂಹಾಸನಕ್ಕೇ ಕಣ್ಣಿಟ್ಟವರು. ಗೋನೂರಿನ ಬಯಲಿನಲ್ಲಿ ನೊಳಂಬರನ್ನು ಸೋಲಿಸಿ ಚಾವುಂಡರಾಯ ವೀರಮಾರ್ತಾಂಡನೆನಿಸಿಕೊಂಡ. ಉಚ್ಚಂಗಿ ಕೋಟೆಯ ಯುದ್ಧ ರಣರಂಗಸಿಂಗ ಎಂಬ ಬಿರುದು ತಂದಿತು. ತಮ್ಮ ನಾಗವರ್ಮನನ್ನು ಕೊಂದ ಮುದುರಾಚಯ್ಯನನ್ನು ಕೊಂದು ಸೇಡು ತೀರಿಸಿಕೊಂಡದ್ದೂ ಉಂಟು. ಇಷ್ಟು ರಕ್ತ ಕಂಡವನಿಗೆ ಸತ್ಯಯುಧಿಷ್ಠಿರ ಎಂಬ ಇನ್ನೊಂದು ಬಿರುದಿದೆ, ತಮಾಷೆಗೂ ಸುಳ್ಳಾಡದವನೆಂದು.

ಈ ದಂಡನಾಯಕ 978ರಲ್ಲಿ ಪುರಾಣ ಬರೆದು ಮುಗಿಸಿದ. ಅರವತ್ತಮೂರು ಶಲಾಕಾಪುರುಷರ ಚರಿತೆಯಾದ ಅದು ಚಾವುಂಡರಾಯ ಪುರಾಣವೆಂದೇ ಪ್ರಸಿದ್ಧ. ಇದನ್ನು ಕನ್ನಡದ ಮೊದಲ ಗದ್ಯಗ್ರಂಥ ಎನ್ನುವವರಿದ್ದಾರೆ. ವಡ್ಡಾರಾಧನೆ ಇದಕ್ಕಿಂತ ಹಳೆಯದು. ತನ್ನ ಯುದ್ಧ, ಬಿರುದುಗಳನ್ನೆಲ್ಲ ಹೇಳಿಕೊಳ್ಳುವ ಈ ಕೃತಿಯಲ್ಲಿ ಗೊಮ್ಮಟಮೂರ್ತಿಯ ಮಾತೇ ಇಲ್ಲ. ಮೂರ್ತಿ ಅದಕ್ಕಿಂತ ಈಚಿನದು ಎಂದು ವಿದ್ವಾಂಸರು ಹೇಳುವುದು ಇದರಿಂದಲೇ. ಪ್ರತಿಷ್ಠೆಯ ವರ್ಷ 981 ಎಂದು ರೂಢಿ, 1981ರ ಸಹಸ್ರಾಬ್ದಿ ಮಹಾಮಸ್ತಕಾಭಿಷೇಕವೂ ಅದೇ ಲೆಕ್ಕದಲ್ಲಿ ನಡೆಯಿತು. 983 ಎನ್ನುವವರೂ ಇದ್ದಾರೆ. ಕಾರಣ, ತಿಥಿ ವಾರಗಳನ್ನು ಹೇಳುವ ಗ್ರಂಥ ಬಹಳ ಈಚಿನದು.

ಇನ್ನು ತಾಯಿ ಕಾಳಲಾದೇವಿಯ ವ್ರತ, ಕೂಷ್ಮಾಂಡಿನಿಯ ಕನಸು, ಚಿಕ್ಕಬೆಟ್ಟದಿಂದ ದೊಡ್ಡಬೆಟ್ಟಕ್ಕೆ ಬಿಟ್ಟ ಬಾಣ. ಸುಮಾರು 1180ರ ಬೊಪ್ಪಣ ಕವಿಯ ಶಾಸನ ಪೌದನಪುರದಲ್ಲಿ ಭರತ ಮಾಡಿಸಿದ ಮೂರ್ತಿಯ ಸುದ್ದಿ ಹೇಳುತ್ತದೆ. ಅದನ್ನು ನೋಡಹೊರಟ ಚಾವುಂಡರಾಯನಿಗೆ ಆ ಸ್ಥಳ ದೂರ, ದುರ್ಗಮ ಎಂದು ಹಿರಿಯರು ತಿಳಿಸಿದರಂತೆ. ಹಾಗಾದರೆ ಇಲ್ಲೇ ಮಾಡಿಸುವೆನೆಂದು ಮಾಡಿಸಿದನಂತೆ. ಅಲ್ಲಿ ಬಾಣವಿಲ್ಲ, ಗುಳ್ಳಕಾಯಜ್ಜಿಯೂ ಇಲ್ಲ. ಅವೆಲ್ಲ ಬರುವುದು ಪಂಚಬಾಣನ 1614ರ ಭುಜಬಲಿ ಚರಿತೆಯಂಥ, ಆರು ಶತಮಾನ ಕಳೆದ ಮೇಲಿನ ಕಾವ್ಯಗಳಲ್ಲಿ.

ಗುಳ್ಳಕಾಯಜ್ಜಿಯ ಕಥೆ ಸೊಗಸಾದದ್ದೇ. ಕೊಡಗಟ್ಟಲೆ ಹಾಲು ತೊಡೆಯಿಂದ ಕೆಳಗಿಳಿಯಲಿಲ್ಲ, ಅಜ್ಜಿಯ ಗುಳ್ಳಕಾಯಿಯಷ್ಟು ಹಾಲು ಪಾದ ಮುಟ್ಟಿತು. ಭಕ್ತಿಗೆ ಇದು ಒಳ್ಳೆಯ ಪಾಠ. ಆದರೆ ಇದರಿಂದಾಗಿ ಚಾವುಂಡರಾಯ ಗರ್ವಿಷ್ಠನೆಂಬ ಹೆಸರು ಉಳಿದುಬಿಟ್ಟಿತು. ಮೂರ್ತಿಯ ಪಾದದ ಬಳಿ ಕನ್ನಡ, ತಮಿಳು, ಮರಾಠಿಗಳಲ್ಲಿರುವ ಬರಹವಾದರೋ ಇದನ್ನು ಚಾವುಂಡರಾಜ ಮಾಡಿಸಿದನೆಂದಷ್ಟೇ ಹೇಳುತ್ತದೆ. ಅಷ್ಟು ಬಿರುದುಗಳಲ್ಲಿ ಒಂದೂ ಅಲ್ಲಿಲ್ಲ.

ಅವನ ಕಥೆಯನ್ನು ವಿವರವಾಗಿ ಹೇಳುತ್ತಿದ್ದ ಶಾಸನವೊಂದು ಇತ್ತು. ದೊಡ್ಡಬೆಟ್ಟದ ತ್ಯಾಗದ ಕಂಬದ ಬುಡದ ನಾಲ್ಕೂ ಮುಖಗಳಲ್ಲಿ ಅದನ್ನು ಕೆತ್ತಲಾಗಿತ್ತು. ಸುಮಾರು 1200ರಲ್ಲಿ ಹೆಗ್ಗಡೆ ಕಣ್ಣ ಎಂಬವನು ತನ್ನ ಎರಡೂವರೆ ಸಾಲಿನ ಶಾಸನಕ್ಕಾಗಿ ಮೂರು ಮುಖಗಳನ್ನು ಅಳಿಸಿಹಾಕಿದಂತೆ ಕಾಣುತ್ತದೆ! ಉತ್ತರದ ಮುಖವಷ್ಟೇ ಉಳಿದಿದೆ, ಅದರಲ್ಲಿರುವುದು ಕುಲ ಮತ್ತು ಯುದ್ಧಗಳ ವರ್ಣನೆ. ಮೂರ್ತಿಯ ವಿಷಯ ಅಳಿದ ಭಾಗದಲ್ಲಿತ್ತೇನೋ. ಆ ಖಾಲಿ ಜಾಗದಲ್ಲಿ ಕಥೆಗಳು ಬೆಳೆದದ್ದು ಸಹಜ.

ಹತ್ತಿರದವರು ಅವನನ್ನು ಕಂಡ ಬಗೆ ಬೇರೆ. ನೇಮಿಚಂದ್ರ ಸಿದ್ಧಾಂತಚಕ್ರವರ್ತಿಗಳು ತಮ್ಮ ಗ್ರಂಥಕ್ಕೆ ಗೊಮ್ಮಟಸಾರವೆಂದು ಹೆಸರಿಟ್ಟರು. ಗೊಮ್ಮಟ ಎಂಬುದು ಚಾವುಂಡರಾಯನದೇ ಇನ್ನೊಂದು ಹೆಸರು, ಬಾಹುಬಲಿಗೆ ಗೊಮ್ಮಟೇಶ್ವರನೆಂಬ ಹೆಸರು ಬಂದದ್ದೂ ಅದರಿಂದ ಎಂದು ಎ. ಎನ್. ಉಪಾಧ್ಯೆ ಅವರ ವಾದ. ಕವಿ ರನ್ನ ಆಶ್ರಯದಾತರ ನೆನಪಿಗೆ ಮಗಳಿಗೆ ಅತ್ತಿಮಬ್ಬೆ ಎಂದೂ ಮಗನಿಗೆ ರಾಯ ಎಂದೂ ಹೆಸರಿಟ್ಟ. ಚಾವುಂಡರಾಯನ ಮಗ ಜಿನದೇವಣನೂ ಬೆಳಗೊಳದಲ್ಲಿ ಜಿನಾಲಯ ಮಾಡಿಸಿದ. ಚಿಕ್ಕಬೆಟ್ಟದ ಚಾವುಂಡರಾಯ ಬಸದಿಯ ಮೇಲಿನ ಅಂತಸ್ತು ಅದೇ ಎನ್ನುತ್ತಾರೆ.