ಅಮಾವಾಸ್ಯೆಯ ಲೆಕ್ಕ ಸರಿಮಾಡಲು ಹೊರಟ ರಘುನಾಥಾಚಾರಿ

ಚೀಕಲಪರ್ವಿ ಅಂದ್ರೆ ವಿಜಯದಾಸರ ಊರು, ತುಂಗಭದ್ರೆಯ ದಂಡೆ. ಗ್ರಹಣ ಬಂತಂದ್ರೆ ನಮ್ಮಜ್ಜಿ ಪಂಚಾಂಗದಲ್ಲಿ ಸ್ಪರ್ಶಕಾಲ, ಮೋಕ್ಷಕಾಲ ನೋಡಿಸಿಕೊಂಡೇ ಹೊಳೆಗೆ ಹೋಗ್ತಿದ್ರು. ಪಂಚಾಂಗದ ಆ ಟೈಮೇ ತಪ್ಪಾಗಿದ್ದರೆ? ಈ ಪ್ರಶ್ನೆಯ ಹಿಂದೆ ಬಿದ್ದವರು ಚಿಂತಾಮಣಿ ರಘುನಾಥಾಚಾರಿ.

ಪಂಚಾಂಗ ಬರೆಯುವ ಮನೆತನದಲ್ಲಿ ಹುಟ್ಟಿದ ಇವರು ಮದರಾಸು ವೀಕ್ಷಣಾಲಯಕ್ಕೆ ಸೇರಿ, ಅಲ್ಲಿ ಮೊದಲ ಸಹಾಯಕರ ಹುದ್ದೆಯವರೆಗೆ ಏರಿದರು. 1867ರಲ್ಲಿ ಆರ್ ರೆಟಿಕ್ಯುಲಿ ಎಂಬ ನಕ್ಷತ್ರದ ಬೆಳಕು ಏರಿಳಿಯುತ್ತದೆ ಅಂತ ಕಂಡುಹಿಡಿದರು.

1868ರ ಆಗಸ್ಟ್ 18, ಅಮಾವಾಸ್ಯೆ. ಬೆಳಿಗ್ಗೆ ಖಗ್ರಾಸ ಸೂರ್ಯಗ್ರಹಣ. ರಾಯಚೂರಿನ ಮೇಲೂ ಆ ನೆರಳು ಹಾದುಹೋಯಿತು. ಜಮಖಂಡಿಯಲ್ಲಿ ಜಾನ್ ಹರ್ಷೆಲ್ ಎಂಬ ಸೈನ್ಯಾಧಿಕಾರಿ ದುರ್ಬೀನು ಹೂಡಿದ್ದರು. ಆಚಾರಿಯವರು ನಮ್ಮಿಂದ ಕೃಷ್ಣೆಯ ಆಚೆ, ವನಪರ್ತಿಯಲ್ಲಿದ್ದರು. (ಹೀಲಿಯಂನ ಹಳದಿ ಗೆರೆ ಮೊದಲು ಕಣ್ಣಿಗೆ ಬಿದ್ದದ್ದು ಇದೇ ಗ್ರಹಣದಲ್ಲಿ. ಕೆಮಿಸ್ಟ್ರಿ ಲ್ಯಾಬಲ್ಲಿ ಯಾರೂ ಹೇಳಲಿಲ್ಲ!)

ಸೂರ್ಯಗ್ರಹಣ ಅಮಾವಾಸ್ಯೆಗೇ, ಚಂದ್ರಗ್ರಹಣ ಹುಣ್ಣಿಮೆಗೇ ಆಗೋದು. ಆದರೆ ಪ್ರತಿ ತಿಂಗಳೂ ಆಗಲ್ಲ. ಚಂದ್ರನ ದಾರಿ ಸೂರ್ಯನ ದಾರಿಗೆ ಸುಮಾರು 5 ಡಿಗ್ರಿ ವಾಲಿದೆ. ಹಾಗಾಗಿ ಹೆಚ್ಚಿನ ಅಮಾವಾಸ್ಯೆಗಳಲ್ಲಿ ಚಂದ್ರ ಸೂರ್ಯನ ಮೇಲಿಂದಲೋ ಕೆಳಗಿಂದಲೋ ಜಾರಿಹೋಗ್ತಾನೆ. ಎರಡು ದಾರಿಗಳೂ ಕತ್ತರಿಸುವ ಎರಡು ಬಿಂದುಗಳೇ ಪಂಚಾಂಗದ ರಾಹು, ಕೇತು. ಅಮಾವಾಸ್ಯೆ ಅಥವಾ ಹುಣ್ಣಿಮೆ ಆ ಬಿಂದುಗಳ ಹತ್ತಿರ ಬಂದಾಗ ಮಾತ್ರ ಗ್ರಹಣ.

ಆಚಾರಿಯವರ ಜಗಳ ಇಲ್ಲಿಂದಲೇ ಶುರು. ಚಂದ್ರ ಸೂರ್ಯನಿಂದ 12 ಡಿಗ್ರಿ ಮುಂದೆ ಸರಿದರೆ ಒಂದು ತಿಥಿ. ಈ ಲೆಕ್ಕ ಒಂದೆರಡು ಗಳಿಗೆ ತಪ್ಪಿದರೆ ಏಕಾದಶಿಯಂದು ಯಾರಿಗೂ ಗೊತ್ತಾಗಲ್ಲ, ಆಕಾಶದಲ್ಲಿ ಗುರುತೇ ಇರಲ್ಲ. ಗ್ರಹಣದ ದಿನ ಮಾತ್ರ ಊರಿಗೆ ಊರೇ ನೋಡ್ತಿರುತ್ತೆ. ಹುಣ್ಣಿಮೆ ಯಾವಾಗ ತುಂಬಿತು ಅನ್ನೋದನ್ನ ಚಂದ್ರನೇ ತೋರಿಸಿಬಿಡ್ತಾನೆ. ಹಳೇ ಸೂತ್ರಗಳ ತಪ್ಪು ಬಯಲಾಗೋದು ಆಗ. ಕಣ್ಣಿಗೆ ಕಂಡದ್ದಕ್ಕೆ ಲೆಕ್ಕ ಹೊಂದಬೇಕು ಅಂತ ಅವರು ದೃಗ್ಗಣಿತ ಪಂಚಾಂಗ ಹೊರತಂದರು. ಸಂಪ್ರದಾಯಸ್ಥರಿಂದ ವಿರೋಧ ಬಂತು. ಹೊರಗಿನವರು ಹೇಳಿದ್ದರೆ ತಳ್ಳಿಹಾಕಬಹುದಿತ್ತು, ಇವರು ಪಂಚಾಂಗದ ಮನೆಯವರೇ!

1872ರಲ್ಲಿ ಲಂಡನ್ನಿನ ರಾಯಲ್ ಆಸ್ಟ್ರೊನಾಮಿಕಲ್ ಸೊಸೈಟಿ ಇವರನ್ನು ಫೆಲೋ ಮಾಡಿಕೊಂಡಿತು. 1874ರ ಶುಕ್ರಸಂಕ್ರಮಣದ ಬಗ್ಗೆ ಇವರು ಬರೆದ ಪುಸ್ತಿಕೆ ಇಂಗ್ಲಿಷ್, ಉರ್ದು ಅಷ್ಟೇ ಅಲ್ಲ, ಕನ್ನಡದಲ್ಲೂ ಅಚ್ಚಾಯಿತು. ಮೆಕ್ಯಾನಿಕ್ಸನ್ನು ಕನ್ನಡದಲ್ಲಿ ವಿವರಿಸು ಅಂದ್ರೆ ತಡವರಿಸೋ ನನಗೆ ಈ ಸಂಗತಿ ಓದಿ ಸ್ವಲ್ಪ ನಾಚಿಕೆಯೇ ಆಯ್ತು.

1880ರಲ್ಲಿ ಅವರು ತೀರಿಕೊಂಡರು. ದೃಗ್ಗಣಿತ ಅನ್ನೋ ಪದ ಈಗಲೂ ಕೆಲವು ಪಂಚಾಂಗಗಳ ಮೇಲೆ ಇರುತ್ತೆ. ಅಜ್ಜಿಯದು ಯಾವ ಪಂಚಾಂಗ ಅಂತ ಈ ಸಲ ಊರಿಗೆ ಹೋದಾಗ ನೋಡಬೇಕು.